20,000 ಲ್ಯೂಮೆನ್ ಬಾಮೈದ

ನನ್ನ ಬಾಮೈದ ಒಂದು ಸ್ಪೋರ್ಟ್ಸ್ ಕಾರು ತಗೊಂಡಿದ್ದಾನೆ. ಎರಡೇ ಬಾಗಿಲು, ಕೆಂಪು ಬಣ್ಣ, ಮೂರನೇ ಕೈ. ಅದಕ್ಕೆ ಹತ್ತುವಂತಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಮೀಟರಿನಲ್ಲಿ 240ರ ತನಕ ಅಂಕಿಗಳಿವೆ. ಸಿಲ್ಕ್ ಬೋರ್ಡ್ ಹತ್ತಿರ ಮುಳ್ಳು ಎಲ್ಲಿರುತ್ತೆ ಅಂತ ಕೇಳಿದರೆ ಮಾತು ಬದಲಾಯಿಸುತ್ತಾನೆ.

ಕಾರು ತಗೊಂಡು ಹದಿನೈದು ದಿನಕ್ಕೆ ಅವನಿಗೆ ಒಂದು ದುಃಖ ಶುರುವಾಯಿತು. ಹಿಂದೆ ಬರುವ ಎಸ್‌ಯುವಿಗಳ ಹೆಡ್‌ಲೈಟ್ ಸರಿಯಾಗಿ ಅವನ ತಲೆಯ ಎತ್ತರಕ್ಕೇ ಬರುತ್ತೆ. ಕನ್ನಡಿ ನೋಡಿದರೆ ಕಣ್ಣು ಕತ್ತಲೆ. "ಭಾವ, ಆಪರೇಷನ್ ಥಿಯೇಟರಿನಲ್ಲಿ ಮಲಗಿದ ಹಾಗಿರುತ್ತೆ" ಅಂದ. ಪಾಪ, ನಿಜವೇ. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಏನು ಗೊತ್ತಾ? ತಾನೂ ಎಲ್‌ಇಡಿ ಹಾಕಿಸುವುದು. ಹಿಂದಿನಿಂದ ಬಿದ್ದ ಏಟಿಗೆ ಮುಂದಿನವನಿಗೆ ಸೇಡು.

ಜೆ.ಸಿ. ರಸ್ತೆಗೆ ನನ್ನನ್ನೂ ಎಳೆದುಕೊಂಡು ಹೋದ. ಕಂಪನಿ ಕೊಟ್ಟಿದ್ದು 55 ವಾಟಿನ ಹ್ಯಾಲೊಜೆನ್ ಬಲ್ಬ್, ಹೆಚ್ಚುಕಮ್ಮಿ 1,500 ಲ್ಯೂಮೆನ್ ಬೆಳಕು. ಲ್ಯೂಮೆನ್ ಅಂದರೆ ಬಲ್ಬು ಚೆಲ್ಲುವ ಬೆಳಕಿನ ಅಳತೆ. ಇವನು ಆರಿಸಿದ ಡಬ್ಬದ ಮೇಲೆ 20,000 ಲ್ಯೂಮೆನ್, 40 ವಾಟ್ ಅಂತ ಅಚ್ಚಾಗಿತ್ತು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ವಾಟಿಗೆ 500 ಲ್ಯೂಮೆನ್ ಆಯಿತು. ಒಳ್ಳೆ ಎಲ್‌ಇಡಿ ಕೊಡೋದೇ ವಾಟಿಗೆ ನೂರು, ನೂರೈವತ್ತು. ಈ ಡಬ್ಬದ ಮಾತು ನಿಜವಾಗಿದ್ದರೆ ಶರಾವತಿಗೆ ಅಷ್ಟು ದೊಡ್ಡ ಅಣೆಕಟ್ಟು ಕಟ್ಟಬೇಕಿರಲಿಲ್ಲ.

ಡಬ್ಬದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಆಫ್ ರೋಡ್ ಬಳಕೆಗೆ ಮಾತ್ರ. ನಾನು ತೋರಿಸಿದೆ. "ನಮ್ಮ ಲೇಔಟಿನ ಮೇನ್ ರೋಡನ್ನ ಒಳಚರಂಡಿಗೆ ಅಗೆದು ವರ್ಷ ಆಯ್ತು ಭಾವ. ಅದಕ್ಕಿಂತ ಆಫ್ ರೋಡ್ ಬೇಕಾ?" ಅಂದ. ವಾದದಲ್ಲಿ ನಾನು ಸೋತೆ. ಜಿಎಸ್‌ಟಿ ಬಿಲ್ ಸಮೇತ ಬಲ್ಬು ಬಂತು.

ಭಾನುವಾರ ನಮ್ಮ ಮನೆ ಮುಂದೆ ಶಸ್ತ್ರಚಿಕಿತ್ಸೆ. ಈ ಕಾರಿನಲ್ಲಿ ಬಲ್ಬು ಬದಲಿಸಬೇಕಾದರೆ ಮುಂದಿನ ಬಂಪರ್ ಪೂರ್ತಿ ಬಿಚ್ಚಬೇಕು. ಬಿಚ್ಚಿದ. ಹೊಸ ಬಲ್ಬಿನ ಬೆನ್ನಿಗೆ ಒಂದು ಪುಟ್ಟ ಫ್ಯಾನು ಇದೆ, ಬಿಸಿ ಹೊರಗೆ ಹಾಕೋದಕ್ಕೆ. ಹಾಗಾಗಿ ಹಿಂದಿನ ಮುಚ್ಚಳ ಕೂರಲಿಲ್ಲ. ತರಕಾರಿ ಚಾಕುವಿನಲ್ಲಿ ಮುಚ್ಚಳಕ್ಕೇ ತೂತು ಕೊರೆದ. ಆಮೇಲೆ ಗಾಜು ಬಿಚ್ಚಿ ಒಳಗೆ ಕೆಂಪು ಕಣ್ಣಿನಂಥ ದೀಪ ಬೇರೆ ಕೂರಿಸಬೇಕು ಅಂದ. ಗಾಜಿಗೆ ಹಚ್ಚಿದ ಅಂಟು ಮೆತ್ತಗಾಗಬೇಕಾದರೆ ಹೆಡ್‌ಲೈಟನ್ನು ಓವನ್‌ನಲ್ಲಿ ಇಟ್ಟು ಬಿಸಿ ಮಾಡಬೇಕಂತೆ. ಇವನು ನಿಜವಾಗಿಯೂ ಹೆಡ್‌ಲೈಟ್ ಹೊತ್ತುಕೊಂಡು ಅಡುಗೆಮನೆಗೆ ನಡೆದ. ನನ್ನ ಹೆಂಡತಿಯ ಓವನ್ ಕೇಕಿನ ಅಳತೆಯದು, ಹೆಡ್‌ಲೈಟ್ ಹಲಸಿನಹಣ್ಣಿನ ಅಳತೆಯದು. ಒಳಗೆ ಹೋಗಲಿಲ್ಲ. ಕೊನೆಗೆ ಅಕ್ಕನ ಹೇರ್ ಡ್ರೈಯರ್ ಕೇಳಿದ. ಅಕ್ಕ ಕೊಟ್ಟಳು. ನಾನು ಕೇಳಿದ್ದರೆ ಕೊಡುತ್ತಿದ್ದಳಾ? ಇರಲಿ.

ಸಂಜೆ ಹೊತ್ತಿಗೆ ಎಲ್ಲ ಕೂಡಿಸಿದ. ನಾಲ್ಕು ಸ್ಕ್ರೂ ಮಿಕ್ಕವು. "ಎಕ್ಸ್‌ಟ್ರಾ ಕೊಟ್ಟಿರ್ತಾರೆ" ಅಂತ ಜೇಬಿಗೆ ಹಾಕಿಕೊಂಡ.

ಕೀ ತಿರುಗಿಸಿದರೆ ಕಾರು ಬಲ್ಬು ಸುಟ್ಟಿದೆ ಅಂತ ತಗಾದೆ ತೆಗೆಯಿತು. ಎಲ್‌ಇಡಿ ಕಡಿಮೆ ಕರೆಂಟು ಎಳೆಯುತ್ತೆ, ಅದಕ್ಕೆ ಕಾರಿನ ಕಂಪ್ಯೂಟರಿಗೆ ಅಲ್ಲಿ ಬಲ್ಬೇ ಇಲ್ಲ ಅಂತ ಅನುಮಾನ. ಇದಕ್ಕೂ ಅಂಗಡಿಯಲ್ಲಿ ಮದ್ದಿದೆ. ರೆಸಿಸ್ಟರ್ ಅಂತ ಒಂದು ಸಾಮಾನು. ಅದರ ಕೆಲಸ ಇಷ್ಟೇ: ಎಲ್‌ಇಡಿ ಉಳಿಸಿದ ಕರೆಂಟನ್ನು ಸುಮ್ನೆ ಸುಟ್ಟು ಬಿಸಿ ಮಾಡೋದು. ಕರೆಂಟು ಉಳಿಸೋದಕ್ಕೆ ಒಂದು ರೇಟು, ಉಳಿದಿದ್ದನ್ನು ಹಾಳು ಮಾಡೋದಕ್ಕೆ ಇನ್ನೊಂದು ರೇಟು. ಎರಡನ್ನೂ ಕೊಟ್ಟ.

ರಾತ್ರಿ ಉದ್ಘಾಟನೆ. ಸ್ವಿಚ್ ಒತ್ತಿದ ಕೂಡಲೇ ಎದುರು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಣಗಲು ಹಾಕಿದ್ದ ಪಂಚೆಯ ಜರಿ ಥಳಥಳ ಹೊಳೆಯಿತು. ತೆಂಗಿನಮರದಲ್ಲಿ ಎಷ್ಟು ಕಾಯಿ ಇವೆ ಅಂತ ಎಣಿಸಬಹುದಿತ್ತು. ಕಾರಿನ ಮುಂದೆ ಎರಡು ಮಾರಿನಷ್ಟು ಜಾಗ ಮದುವೆ ಚಪ್ಪರದ ಹಾಗೆ ಬೆಳಗಿತು. ಅದರಾಚೆ ಕಗ್ಗತ್ತಲೆ.

ಆ ಹೆಡ್‌ಲೈಟಿನ ಡೂಮ್ ಮಾಡಿರೋದು ಹ್ಯಾಲೊಜೆನ್ನಿನ ತಂತಿಗೆ. ಆ ಪುಟ್ಟ ತಂತಿ ಕೂರುವ ಜಾಗದಲ್ಲೇ ಬೆಳಕು ಹುಟ್ಟಬೇಕು. ಆಗ ಡಿಪ್ ಮಾಡಿದರೆ ಬೆಳಕು ತಲೆ ಬಗ್ಗಿಸಿ ರಸ್ತೆಗೆ ಬೀಳುತ್ತೆ, ಎಡಗಡೆ ಮಾತ್ರ ಸ್ವಲ್ಪ ಮೇಲೆದ್ದು ನಡೆದು ಹೋಗುವವರನ್ನು ತೋರಿಸುತ್ತೆ. ಬಲ್ಬಿನೊಳಗೆ ಬೆಳಕಿನ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಸಾಕು, ಅದು ಎಲ್ಲಾ ಕಡೆ ಚೆಲ್ಲಾಡುತ್ತೆ. ಮೂಗಿನ ಮುಂದೆಯೇ ಇಷ್ಟು ಬೆಳಕು ಬಿದ್ದರೆ ಓಡಿಸುವವನ ಕಣ್ಣಿನ ಪಾಪೆಯೂ ಕುಗ್ಗುತ್ತೆ, ದೂರದ್ದು ಇನ್ನೂ ಕಪ್ಪಾಗಿ ಕಾಣುತ್ತೆ. ನಾನು ಇದನ್ನೆಲ್ಲ ಹೇಳಿದೆ. ಬಾಮೈದ ಪಂಚೆಯ ಜರಿ ನೋಡುತ್ತಿದ್ದ.

ನಾವು ಹುಡುಗರಾಗಿದ್ದಾಗ ಲಾರಿ, ಬಸ್ಸುಗಳ ಹೆಡ್‌ಲೈಟಿಗೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಎದುರಿಗೆ ಬರುವವನ ಕಣ್ಣಿಗೆ ತೊಂದರೆ ಆಗದಿರಲಿ ಅಂತ. ಈಗ ಹೇಳಿದರೆ ಹುಡುಗರು ನಗುತ್ತಾರೆ. ಇದ್ದ ಬೆಳಕಿಗೆ ಯಾರಾದರೂ ಮಸಿ ಬಳಿದುಕೊಳ್ತಾರಾ?

ಕಾನೂನು ಇಲ್ಲ ಅಂತಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟುಗಳ ಮೇಲೆ ಅಭಿಯಾನವನ್ನೇ ಶುರುಮಾಡಿದರು. ಅನುಮತಿ ಇಲ್ಲದೆ ಗಾಡಿಯಲ್ಲಿ ಏನಾದರೂ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಅದೇ ಬಲ್ಬು ಹಗಲು ಹೊತ್ತಿನಲ್ಲಿ ಕೌಂಟರಿನ ಮೇಲೆ ಕೂತು ಮಾರಾಟವಾಗುತ್ತೆ. ಕೊಂಡಾಗ ಒಂದು ರಸೀದಿ, ಹಚ್ಚಿದಾಗ ಒಂದು ರಸೀದಿ. ಸರ್ಕಾರದ ಖಜಾನೆಗೆ ಮಾತ್ರ ಡಿಮ್ಮು ಡಿಪ್ಪು ಎರಡೂ ಇದೆ.

ಬಾಮೈದನನ್ನೂ ಒಂದು ರಾತ್ರಿ ಪೊಲೀಸಿನವರೊಬ್ಬರು ತಡೆಯಲು ನೋಡಿದರು. ನಾನೂ ಪಕ್ಕದ ಸೀಟಿನಲ್ಲಿದ್ದೆ. ಅವರು ಒಂದು ಕೈ ಕಣ್ಣಿಗೆ ಅಡ್ಡ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಗಾಳಿಯಲ್ಲಿ ತಡಕಾಡಿ "ಸೈಡಿಗೆ ಹಾಕಿ" ಅಂದರು. ಅಷ್ಟರಲ್ಲಿ ನಾವು ಅವರನ್ನು ದಾಟಿಯಾಗಿತ್ತು. ಸೈಡಿಗೆ ಹೋಗಿ ನಿಂತಿದ್ದು ನಮ್ಮ ಹಿಂದಿದ್ದ ಆಟೊ. ಪಾಪ, ಅದಕ್ಕೆ ಇದ್ದಿದ್ದೇ ಒಂದು ದೀಪ, ಅದೂ ಹಣತೆಯಷ್ಟು ಉರಿಯುತ್ತಿತ್ತು.

ಹೋಗಲಿ, ಸೇಡಾದರೂ ತೀರಿತಾ? ಅದೂ ಇಲ್ಲ. ಎಸ್‌ಯುವಿಯವರು ಮೇಲೆ ಕೂತಿರುತ್ತಾರೆ. ಮಂಡಿ ಎತ್ತರದಿಂದ ಬರುವ ಇವನ ಬೆಳಕು ಅವರ ಬಂಪರಿಗೆ ಅಭಿಷೇಕ ಮಾಡಿ ಮುಗಿಯುತ್ತೆ. ಚೆಲ್ಲಾಡಿದ ಬೆಳಕೆಲ್ಲ ಸಿಗೋದು ಸ್ಕೂಟರಿನವರಿಗೆ, ಸೈಕಲ್ಲಿನವರಿಗೆ, ವಾಕಿಂಗ್ ಹೊರಟ ಅಜ್ಜಂದಿರಿಗೆ.

ಹೋದ ವಾರ ಜೋರು ಮಳೆ. ನಮ್ಮ ಬೀದಿಯ ದೀಪ ಕೆಟ್ಟು ಮೂರು ತಿಂಗಳು. ನಾನು ಸ್ಕೂಟರಿನಲ್ಲಿ ಹಾಲು ತಗೊಂಡು ಬರುತ್ತಿದ್ದೆ. ತಿರುವಿನಲ್ಲಿ ಎದುರಿಗೆ ಸೂರ್ಯ ಹುಟ್ಟಿದ, ಅದೂ ಎರಡೆರಡು. ಕನ್ನಡಕದ ಮೇಲಿನ ಒಂದೊಂದು ಹನಿಯೂ ಒಂದೊಂದು ಬಲ್ಬಾಯಿತು. ಬ್ರೇಕ್ ಹಿಡಿದೆ. ಕಣ್ಣು ಬಿಟ್ಟಾಗ ನಾನು ಮೋರಿಯಲ್ಲಿದ್ದೆ, ಹಾಲು ನನಗಿಂತ ಮೊದಲೇ ಹರಿದು ಹೋಗಿತ್ತು.

ಕಾರು ನಿಂತಿತು. ಚಾಕುವಿನಲ್ಲಿ ಕೊರೆದ ತೂತಿನಿಂದ ನೀರಿನ ಪಸೆ ಒಳಗೆ ಹೋಗಿ ಹೆಡ್‌ಲೈಟಿನ ಗಾಜು ಸ್ನಾನದ ಮನೆ ಕನ್ನಡಿಯಂತೆ ಮಂಜಾಗಿತ್ತು. ಬಾಗಿಲು ತೆಗೆದ ಸದ್ದು. ಬಾಮೈದ ಮೇಲಕ್ಕೆ ಹತ್ತಿ ಹೊರಗೆ ಬಂದ. ತನ್ನ 20,000 ಲ್ಯೂಮೆನ್ ಎದುರು ನಿಂತು ಕಣ್ಣು ಕಿರಿದು ಮಾಡಿ ಸುತ್ತ ನೋಡಿದ. ಆಮೇಲೆ ಮೊಬೈಲ್ ತೆಗೆದು ಟಾರ್ಚ್ ಹಾಕಿದ.

"ಭಾವ, ನೀವಾ? ಎಲ್ಲಿದ್ದೀರಾ? ಏನೂ ಕಾಣ್ತಿಲ್ಲ."