ಷಡ್ಡಕರ ಸೊಪ್ಪಿನ ಶಾಸ್ತ್ರ

ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಬೇಸಿಗೆ ಕಳೆದು ಬರುವ ಹಿರಿಯರು ಸಾಮಾನ್ಯವಾಗಿ ಬಾದಾಮಿ, ಚಾಕೊಲೇಟು ಮತ್ತು ನಯಾಗರದ ಫೋಟೋಗಳನ್ನು ತರುತ್ತಾರೆ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಷಡ್ಡಕರು ತಂದದ್ದು ಒಂದು ಕಳೆಗಿಡದ ಮೇಲಿನ ಭಕ್ತಿಯನ್ನು. ನ್ಯೂಜೆರ್ಸಿಯ ಅವರ ಅಳಿಯ, ಹುಲ್ಲುಹಾಸಿನಲ್ಲಿ ತಲೆಯೆತ್ತುವ ಡ್ಯಾಂಡಿಲಿಯನ್ ಎಂಬ ಹಳದಿ ಹೂವಿನ ಗಿಡದ ನಿರ್ಮೂಲನೆಗೆಂದು ಶನಿವಾರಗಳನ್ನೆಲ್ಲ ಮೀಸಲಿಟ್ಟು ಕಳೆನಾಶಕ ಸಿಂಪಡಿಸುತ್ತಿದ್ದರೆ, ಮಾವನವರು ಅದೇ ಗಿಡದ ಮಹಿಮೆಯನ್ನು ಫೋನಿನಲ್ಲಿ ಓದಿಕೊಂಡು, ಔಷಧ ಬೀಳದ ಮೂಲೆಗಳನ್ನು ಹುಡುಕಿ ಎಳೆಯ ಎಲೆಗಳನ್ನು ಕೊಯ್ಯುತ್ತಿದ್ದರಂತೆ. ಕೊನೆಗೆ ಮಗಳೇ ಮಧ್ಯಸ್ಥಿಕೆ ವಹಿಸಿ, ಮುಂದಿನ ಹುಲ್ಲು ಗಂಡನಿಗೆ, ಹಿಂದಿನ ಹುಲ್ಲು ಅಪ್ಪನಿಗೆ ಎಂದು ಪಾಲು ಮಾಡಿಕೊಟ್ಟಳೆಂದು ನಮ್ಮ ಮನೆಯಲ್ಲಿ ಪ್ರತೀತಿ.

ಅವರ ಭಕ್ತಿಗೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ತಂಪು ಹವೆಯ ನಾಡುಗಳ ಈ ಗಿಡದಲ್ಲಿ ಎಸೆಯುವಂಥದ್ದು ಏನೂ ಇಲ್ಲ. ಯುರೋಪಿನವರು ಎಳೆ ಎಲೆಯನ್ನು ಹಸಿಯಾಗಿ ತಿನ್ನುತ್ತಾರೆ, ಹೂವಿನಿಂದ ಮದ್ಯ ಇಳಿಸುತ್ತಾರೆ, ಬೇರನ್ನು ಒಣಗಿಸಿ ಹುರಿದು ಕಾಫಿಯಂತೆ ಕುದಿಸುತ್ತಾರೆ. ನಮ್ಮ ಕಾಶ್ಮೀರದಲ್ಲಿಯೂ ಇದನ್ನು ಹಂದ್ ಎಂದು ಕರೆದು ಮಾಂಸದೊಡನೆ ಬೇಯಿಸಿ ಬಾಣಂತಿಯರಿಗೆ ಬಡಿಸುವ ರೂಢಿಯುಂಟು. ಹೂವು ಹಳದಿಯಾದ್ದರಿಂದ ಹಳದಿಯಾಗುವ ರೋಗಕ್ಕೂ ಇದೇ ಮದ್ದಾಗಬೇಕೆಂದು ತೀರ್ಮಾನಿಸಿ ಹಿಂದಿನ ಯುರೋಪಿನ ವೈದ್ಯರು ಇದನ್ನು ಕಾಮಾಲೆಗೆ ಕೊಡುತ್ತಿದ್ದರು. ಅದೇ ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಕುಡಿಸುವ ನಾವು ಅವರನ್ನು ನೋಡಿ ನಗುವ ಹಾಗಿಲ್ಲ; ಆದರೂ ನಾವು ಹೂವಿನ ಬಣ್ಣ ನೋಡಿ ಗಿಡ ಆರಿಸಲಿಲ್ಲ ಎಂಬ ಒಂದು ಸಣ್ಣ ಹೆಮ್ಮೆಯನ್ನು ಉಳಿಸಿಕೊಳ್ಳಬಹುದು.

ಷಡ್ಡಕರಿಗೆ ಔಷಧಿಗಿಂತಲೂ ಹೆಚ್ಚು ಹಿಡಿಸಿದ್ದು ಅದರ ಗಡಿಯಾರ. ಹೂವು ಬಲಿತ ಮೇಲೆ ಉಳಿಯುವ ಬಿಳಿಯ ನವಿರು ಚೆಂಡನ್ನು ಅಲ್ಲಿನ ಮಕ್ಕಳು ಊದುತ್ತಾರೆ. ಎಲ್ಲ ಬೀಜಗಳೂ ಹಾರಿಹೋಗಲು ಎಷ್ಟು ಉಸಿರು ಬೇಕಾಯಿತೋ ಅಷ್ಟು ಗಂಟೆಯಾಗಿದೆ ಎಂದು ಲೆಕ್ಕ, ಒಂದೇ ಉಸಿರಿಗೆ ಹಾರಿದರೆ ಮನಸ್ಸಿನಲ್ಲಿ ನೆನೆದದ್ದು ಈಡೇರುತ್ತದೆ ಎಂದು ನಂಬಿಕೆ. ಮೈಸೂರಿಗೆ ಬಂದ ಮೇಲೆ ಈ ವಿದ್ಯೆಯನ್ನು ಮೊಮ್ಮಗನಿಗೆ ಕಲಿಸಲು ಅವರು ಒಡೆದ ಎಕ್ಕದ ಕಾಯಿಯನ್ನು ಹಿಡಿದು ಮಹಡಿ ಹತ್ತಿದರು. ಎಕ್ಕದ ಹತ್ತಿಯೂ ಚೆನ್ನಾಗಿಯೇ ಹಾರಿತು. ಅದು ಹಾರಿ ಕುಳಿತದ್ದು ಅವರ ಶ್ರೀಮತಿಯವರು ಆಗಷ್ಟೇ ಇಟ್ಟಿದ್ದ ಹಸಿ ಸಂಡಿಗೆಯ ಮೇಲೆ. ಆಗ ಎಷ್ಟು ಗಂಟೆಯಾಗಿತ್ತೆಂಬುದನ್ನು ಅಕ್ಕನವರು ಇಡೀ ಬೀದಿಗೆ ಕೇಳುವಂತೆ ತಿಳಿಸಿದರು.

ಅವರು ನಮ್ಮ ಮನೆಗೆಂದು ಕೊಟ್ಟ ಕಾಣಿಕೆ ಹುರಿದ ಬೇರಿನ ಪುಡಿ. ಕಂದು ಬಣ್ಣದ ಆ ಪುಡಿಯನ್ನು ನನ್ನ ಹೆಂಡತಿ ಖಾಲಿ ಡಬ್ಬಿಯೊಂದಕ್ಕೆ ಸುರಿದು ಕಾಫಿಪುಡಿಯ ಪಕ್ಕದಲ್ಲಿಟ್ಟಳು. ಬೆಳಗಿನ ಜಾವ ದೀಪ ಹಾಕದೆ ಫಿಲ್ಟರಿಗೆ ಪುಡಿ ಹಾಕುವುದರಲ್ಲಿ ನಮ್ಮ ಅತ್ತೆಯವರಿಗೆ ಐವತ್ತು ವರ್ಷಗಳ ಅನುಭವ. ಡಿಕಾಕ್ಷನ್ ಕಪ್ಪಗೆ ಇಳಿಯಿತು, ಹಾಲು ಸಕ್ಕರೆ ಬೆರೆಯಿತು, ಎಲ್ಲರೂ ಕುಡಿದೆವು. ಅತ್ತೆ ಮಾತ್ರ ಲೋಟವನ್ನು ಕೆಳಗಿಟ್ಟು, "ಪುಡಿಯವನು ಚಿಕೋರಿ ಜಾಸ್ತಿ ಮಾಡಿದ್ದಾನೆ, ಹೋಗಿ ಕೇಳಿ" ಎಂದು ಅಪ್ಪಣೆ ಮಾಡಿದರು. ಅವರ ನಾಲಗೆಯನ್ನು ನಾನು ಅಂದಿನಿಂದ ಗೌರವಿಸುತ್ತೇನೆ, ಏಕೆಂದರೆ ಚಿಕೋರಿಯೂ ಡ್ಯಾಂಡಿಲಿಯನ್ನೂ ಸೇವಂತಿಗೆಯ ಕುಟುಂಬದ ಒಂದೇ ಕವಲಿಗೆ ಸೇರಿದ ಹತ್ತಿರದ ನೆಂಟರು, ಎರಡರದ್ದೂ ಬೇರನ್ನೇ ಹುರಿಯುವುದು. ಎರಡನೆಯ ಮಹಾಯುದ್ಧದಲ್ಲಿ ಕಾಫಿ ಸಿಗದೆ ಯುರೋಪಿನ ಅನೇಕರು ಇಂಥ ಬೇರುಗಳಲ್ಲೇ ಸಮಾಧಾನಪಟ್ಟುಕೊಂಡರು. ಆದರೆ ಅದರಲ್ಲಿ ಕೆಫೀನ್ ಎಂಬುದು ಹೆಸರಿಗೂ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮನೆಯ ಎಲ್ಲರ ತಲೆಯೂ ಸಿಡಿಯತೊಡಗಿ, ಅಮೃತಾಂಜನದ ವಾಸನೆ ಬೀದಿಯವರೆಗೆ ಹರಡಿದಾಗಲೇ ಡಬ್ಬಿಗಳ ತನಿಖೆ ನಡೆದದ್ದು.

ಒಣಗಿದ ಎಲೆಯ ಪೊಟ್ಟಣವನ್ನು ಷಡ್ಡಕರು ತಮಗಾಗಿ ಇಟ್ಟುಕೊಂಡಿದ್ದರು. ಈ ಹೂವನ್ನು ಕಿತ್ತ ಮಗು ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ ಎಂದು ಯುರೋಪಿನ ಅಜ್ಜಿಯರು ಹೆದರಿಸುತ್ತಿದ್ದರಂತೆ. ಮುಟ್ಟಿದರೆ ಹಾಗಾಗುವುದಿಲ್ಲ, ಆದರೆ ಎಲೆಯ ಕಷಾಯ ಮೂತ್ರವನ್ನು ಹೆಚ್ಚಿಸುತ್ತದೆ ಎಂಬುದು ಹಳೆಯ ಕಾಲದಿಂದಲೂ ಜನ ಕಂಡುಕೊಂಡ ಗುಣ. ರಕ್ತದೊತ್ತಡಕ್ಕೆಂದು ಅದೇ ಕೆಲಸದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ಷಡ್ಡಕರು ಮಾತ್ರೆಯನ್ನೂ ನುಂಗಿ, ದೊಡ್ಡ ಲೋಟದ ತುಂಬ ಕಷಾಯವನ್ನೂ ಕುಡಿದು, ಬೆಂಗಳೂರಿನ ಮದುವೆಗೆಂದು ತಡೆರಹಿತ ಬಸ್ಸು ಹತ್ತಿದರು. ಶ್ರೀರಂಗಪಟ್ಟಣ ದಾಟುವ ತನಕ ಎಲೆಯಲ್ಲಿರುವ ಪೊಟ್ಯಾಸಿಯಮ್ಮಿನ ಬಗ್ಗೆ ನನಗೆ ಉಪನ್ಯಾಸ ನಡೆದಿತ್ತು, ಮಂಡ್ಯ ಹತ್ತಿರವಾಗುತ್ತಿದ್ದಂತೆ ಮೌನ ಆವರಿಸಿತು, ಆಮೇಲೆ ಅವರು ಎದ್ದು ಹೋಗಿ ಕಂಡಕ್ಟರ ಕಿವಿಯಲ್ಲಿ ಏನೋ ಹೇಳಿದರು. "ಯಜಮಾನ್ರೇ, ಇದು ನಾನ್‌ಸ್ಟಾಪು" ಎಂದು ಆತ ಗಟ್ಟಿಯಾಗಿ ಉತ್ತರಿಸಿದಾಗ ಇಡೀ ಬಸ್ಸಿಗೆ ವಿಷಯ ತಿಳಿಯಿತು. ಕೊನೆಗೂ ಚಾಲಕ ಕರುಣೆ ತೋರಿ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದ. ಅದುವರೆಗೆ ಮುಸಿಮುಸಿ ನಗುತ್ತಿದ್ದ ಗಂಡಸರಲ್ಲಿ ಅರ್ಧದಷ್ಟು ಜನ ಅವರ ಹಿಂದೆಯೇ ಇಳಿದರು.

ಪೊಟ್ಟಣ ಮುಗಿಯಿತು, ಮಳೆ ಬಂತು, ಷಡ್ಡಕರ ಹಿತ್ತಲಲ್ಲಿ ಹಳದಿ ಹೂವೂ ಬಿಳಿಯ ನವಿರೂ ಇರುವ ಗಿಡಗಳು ಎದ್ದವು. ಡ್ಯಾಂಡಿಲಿಯನ್ ತಮ್ಮನ್ನು ಹುಡುಕಿಕೊಂಡು ಬಂದಿದೆ ಎಂದು ಅವರು ನಂಬಿದರು. ಡ್ಯಾಂಡಿಲಿಯನ್ನಿಗೆ ನೆಲಕ್ಕಂಟಿದ ಗರಗಸದಂಥ ಎಲೆಗಳಿರುತ್ತವೆ, ಎಲೆಯಿಲ್ಲದ ಟೊಳ್ಳು ದಂಟಿನ ತುದಿಗೆ ಒಂದೇ ಹೂವಿರುತ್ತದೆ, ಮುರಿದರೆ ಹಾಲು ಒಸರುತ್ತದೆ. ಇವರ ಗಿಡವಾದರೋ ರೋಮ ತುಂಬಿದ ಕಾಂಡವನ್ನು ನೆಲದ ಮೇಲೆ ಚಾಚಿಕೊಂಡಿದ್ದ, ನಮ್ಮ ರಸ್ತೆಬದಿಗಳಲ್ಲೆಲ್ಲ ಕಾಣುವ ಟ್ರೈಡ್ಯಾಕ್ಸ್. ಇಷ್ಟನ್ನೂ ನಾನು ವಿವರಿಸುತ್ತಿರುವಾಗಲೇ ಅವರು ಒಂದು ಬುಟ್ಟಿ ಕೊಯ್ದು, ಮಸ್ಸೊಪ್ಪು ಮಾಡಿಸುವ ಸಂಕಲ್ಪದಿಂದ ಈಳಿಗೆಮಣೆಯ ಮುಂದೆ ಕುಳಿತಾಗಿತ್ತು.

ಅದೇ ಹೊತ್ತಿಗೆ ಪಾಂಡವಪುರದ ಕಡೆಯಿಂದ ಬರುವ ಸೊಪ್ಪಿನಮ್ಮ ಗಣಿಕೆ, ಅಣ್ಣೆ, ಹೊನಗನ್ನೆಗಳ ಮಂಕರಿಯನ್ನು ಬಾಗಿಲಲ್ಲಿ ಇಳಿಸಿದರು. "ಇದ್ಯಾಕ್ ಸ್ವಾಮಿ ಕುಯ್ದಿದ್ದೀರಿ? ಮೊಲುಕ್ ಹಾಕೋ ಸೊಪ್ಪು ಇದು."

"ಅಮೆರಿಕದ್ದಮ್ಮ ಇದು, ಲಿವರಿಗೆ ಬಹಳ ಒಳ್ಳೆಯದು" ಎಂದರು ಷಡ್ಡಕರು. ಟ್ರೈಡ್ಯಾಕ್ಸ್ ಉಷ್ಣ ಅಮೆರಿಕದಿಂದ ಬಂದು ನಮ್ಮಲ್ಲಿ ಹಬ್ಬಿದ ಗಿಡವಾದ್ದರಿಂದ ಈ ವಾಕ್ಯದ ಮೊದಲರ್ಧ ಅಕಸ್ಮಾತ್ತಾಗಿ ಸತ್ಯವಾಗಿತ್ತು. ಹಾಗೆನ್ನುತ್ತ ಅವರು ಕೈ ಬೀಸಿದ ಭರದಲ್ಲಿ ಈಳಿಗೆಮಣೆ ಹೆಬ್ಬೆರಳನ್ನು ಕೊಯ್ದಿತು. ಅಕ್ಕನವರು ಹತ್ತಿ ಹುಡುಕಲು ಒಳಗೆ ಓಡುವಷ್ಟರಲ್ಲಿ ಸೊಪ್ಪಿನಮ್ಮ ಬುಟ್ಟಿಯಿಂದ ನಾಲ್ಕು ಎಲೆ ತೆಗೆದು ಅಂಗೈಯಲ್ಲಿ ಉಜ್ಜಿ ರಸವನ್ನು ಗಾಯಕ್ಕೆ ಹಿಂಡಿ ಒತ್ತಿ ಹಿಡಿದರು. ಹೊಲದಲ್ಲಿ ಕುಡುಗೋಲು ತಾಗಿದರೆ ಅವರೆಲ್ಲ ಮಾಡಿಕೊಳ್ಳುವುದು ಅಷ್ಟೇ ಅಂತೆ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

ಷಡ್ಡಕರು ಗೆದ್ದವರಂತೆ ನನ್ನತ್ತ ನೋಡಿ, ಉಳಿದ ಕೈಯಿಂದ ಎರಡು ಕಂತೆ ಗಣಿಕೆ ಸೊಪ್ಪು ಆರಿಸಿಕೊಂಡು, ಎಷ್ಟು ಕೊಡಬೇಕೆಂದು ಕೇಳಿದರು.

"ಸೊಪ್ಪಿನ ಕಾಸು ಕೊಡಿ ಸಾಕು ಸ್ವಾಮಿ" ಎಂದರು ಸೊಪ್ಪಿನಮ್ಮ, "ಔಸ್ದಿ ನಿಮ್ ಇತ್ಲುದ್ದೇ."