ಪಿ.ಟಿ. ಸರ್ ಈಗ ಮನಸ್ಸನ್ನೂ ನೋಡ್ತಾರೆ

ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಇಲ್ಲವೇ ಸಮಾಜ ಕಾರ್ಯಕರ್ತ ಇರಲೇಬೇಕು ಅಂತ 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಹೇಳಿದ್ದು ನಿಮಗೆ ಗೊತ್ತೇ ಇದೆ. ಇಂಥ ಆದೇಶ ಜಾರಿಯಾಗಲು ವರ್ಷಗಳೇ ಬೇಕು ಅಂತ ಜನ ಗೊಣಗುತ್ತಾರೆ. ಸುಳ್ಳು. ನಮ್ಮ ವಿಜಯಪುರದ ಒಂದು ಪ್ರೌಢಶಾಲೆ ಒಂದೇ ಮಧ್ಯಾಹ್ನದಲ್ಲಿ ಜಾರಿ ಮಾಡಿ ಮುಗಿಸಿತು.

ಪೇಂಟರನ್ನು ಕರೆಸಿದರು. ಆಟದ ಸಾಮಾನಿನ ಕೋಣೆಯ ಬಾಗಿಲ ಮೇಲೆ ‘ಆಪ್ತ ಸಮಾಲೋಚನಾ ಕೇಂದ್ರ’ ಅಂತ ಬರೆಸಿದರು. ಒಳಗೆ ಮೂಲೆ ಒಡೆದ ಕೇರಂ ಬೋರ್ಡು, ಗಾಳಿ ಹೋದ ವಾಲಿಬಾಲು, ಹೋದ ಸಲದ ಗ್ಯಾದರಿಂಗಿಗೆ ಮಾಡಿದ ಥರ್ಮಾಕೋಲಿನ ಕಿತ್ತೂರು ಕೋಟೆ. ನಡುವೆ ಒಂದು ಕುರ್ಚಿ. ಕುರ್ಚಿಯಲ್ಲಿ ಪಿ.ಟಿ. ಸರ್. ಕೊರಳಲ್ಲಿ ಸೀಟಿ.

ಪಿ.ಟಿ. ಸರ್ ಅಂದರೆ ನನಗೆ ಬಹಳ ಗೌರವ. ಪ್ರಾರ್ಥನೆಗೆ ಸಾಲು ನಿಲ್ಲಿಸುವವರು ಅವರೇ. ಉಗುರು ನೋಡುವವರು, ಬಿಸಿಯೂಟದ ಮೊಟ್ಟೆ ಎಣಿಸುವವರು, ಆಗಸ್ಟ್ 15ಕ್ಕೆ ಸುಣ್ಣದ ಗೆರೆ ಎಳೆಯುವವರು ಅವರೇ. 2025ರ ದಸರಾ ರಜೆಯಲ್ಲಿ ಮನೆ ಮನೆಗೆ ಹೋಗಿ ಜಾತಿ ಬರೆದುಕೊಂಡು ಬಂದವರೂ ಅವರೇ. ಅಷ್ಟೆಲ್ಲ ಮಾಡುವವರಿಗೆ ಮಕ್ಕಳ ಮನಸ್ಸು ಯಾವ ಲೆಕ್ಕ?

‘ಸರ, ಹುಡುಗ ಬ್ಯಾಸರಾಗಿ ಅಳಾಕತ್ತಿದ್ರ ಏನ್ ಮಾಡ್ತೀರಿ?’ ಅಂತ ಕೇಳಿದೆ.

‘ಮಾಡೂದೇನೈತ್ರಿ? ಗ್ರೌಂಡಿಗೆ ಎರಡ ರೌಂಡ ಓಡಸ್ತೀನಿ. ಮೂರನೇ ರೌಂಡಿಗೆ ಅಳಾಕ ಉಸಿರs ಉಳಿಯಂಗಿಲ್ಲ.’

ವ್ಯಾಯಾಮ ಮನಸ್ಸಿಗೆ ಒಳ್ಳೆಯದು ಅಂತ ಡಾಕ್ಟರುಗಳೂ ಹೇಳುತ್ತಾರೆ. ಹಾಗಾಗಿ ಸರ್ ಪೂರ್ತಿ ತಪ್ಪು ಅಂತ ಹೇಳಲು ನನಗೆ ಧೈರ್ಯವಿಲ್ಲ. ಪಾಪ, ಅವರನ್ನು ಯಾರೂ ಕೇಳಿ ಕೂರಿಸಿಲ್ಲ.

ಈ ಕೆಲಸಕ್ಕೆ ಓದಿದವರನ್ನು ಕೇಳಿದರೆ ಬೇರೆ ಏನೇನೋ ಹೇಳುತ್ತಾರೆ. ಏಳನೇ ಕ್ಲಾಸಿನ ಹುಡುಗಿ ಬಾಯಲ್ಲಿ ಪಟಪಟ ಉತ್ತರ ಹೇಳುತ್ತಾಳೆ, ಬರೆಯಲು ಕೂತರೆ ಒತ್ತಕ್ಷರವೆಲ್ಲ ಕಲಸುಮೇಲೋಗರ. ಯಾಕೆ ಅಂತ ಪರೀಕ್ಷೆ ಮಾಡಿ ನೋಡಬೇಕಂತೆ. ಕಣ್ಣಿನ ತೊಂದರೆಯಾ, ಮನೆಯಲ್ಲಿ ಏನಾದರೂ ನಡೆದಿದೆಯಾ, ಕಲಿಕೆಯದೇ ತೊಂದರೆಯಾ ಅಂತ ಬಿಡಿಸಬೇಕಂತೆ. ಮಾಸ್ತರರನ್ನೂ ಅಪ್ಪ-ಅಮ್ಮನನ್ನೂ ಕೂರಿಸಿ ಮಾತಾಡಬೇಕಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಆ ಹುಡುಗಿಗೆ ಹೆಚ್ಚಿನ ಸಮಯವೂ ಸಿಗುತ್ತೆ. ಇಷ್ಟೆಲ್ಲ ಯಾರಿಗೆ ಬೇಕು? ನಮ್ಮ ಹತ್ತಿರ ಕೊನೆ ಬೆಂಚು ಇದೆಯಲ್ಲ. ಖರ್ಚಿಲ್ಲ, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ತನಕ ಬಸ್ ಚಾರ್ಜ್ ಇಲ್ಲ, ಫಲಿತಾಂಶ ಅಲ್ಲೇ ಕೂಡಲೇ: ‘ದಡ್ಡಿ ಅದಾಳ್ರಿ.’

ಅಮೆರಿಕದಲ್ಲಿ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘವೇ ಒಂದಿದೆ. 500 ಮಕ್ಕಳಿಗೆ ಒಬ್ಬರು ಬೇಕು ಅನ್ನುವುದು ಅದರ ಶಿಫಾರಸು. ಅಲ್ಲೂ ಅಷ್ಟು ಜನ ಸಿಗುತ್ತಿಲ್ಲ ಬಿಡಿ. ಆದರೆ ಅವರಿಗೆ ಪೇಂಟರ್ ಉಪಾಯ ಹೊಳೆದಿಲ್ಲ.

ಎಲ್ಲ ಕಡೆ ಪಿ.ಟಿ. ಸರ್ ಅಂತ ತಿಳಿಯಬೇಡಿ. ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ನಿಜವಾಗಿಯೂ ಎಂ.ಎ. ಸೈಕಾಲಜಿ ಮಾಡಿದ ಮೇಡಂ ಇರುತ್ತಾರೆ. ಪಾಂಪ್ಲೆಟ್ಟಿನಲ್ಲಿ ಈಜುಕೊಳಕ್ಕೂ ಜಿಪಿಎಸ್ ಬಸ್ಸಿಗೂ ನಡುವೆ ಅವರ ಹೆಸರು ಬರುತ್ತೆ. ಏಪ್ರಿಲ್-ಮೇ ತಿಂಗಳಲ್ಲಿ ಅಡ್ಮಿಷನ್ ಟೇಬಲ್ ಅವರದು. ಜುಲೈಯಿಂದ ಫೀ ಬಾಕಿ ಇರುವವರಿಗೆ ಫೋನ್ ಮಾಡಬೇಕು, ಮನಸ್ಸು ಗೊತ್ತಿರುವವರು ಮಾಡಿದರೆ ವಸೂಲಿ ಚೆನ್ನಾಗಿ ಆಗುತ್ತಂತೆ. ಯಾರಾದರೂ ರಜೆ ಹಾಕಿದರೆ ಆ ಪೀರಿಯಡ್ಡೂ ಅವರಿಗೇ. ಉಳಿದ ಹೊತ್ತಿನಲ್ಲಿ ಮಕ್ಕಳು ಬಂದು ಗುಟ್ಟು ಹೇಳಿಕೊಳ್ಳಬಹುದು. ಸ್ಟಾಫ್ ರೂಮಿನ ಮೂಲೆಗೆ ಒಂದು ಪರದೆ ಕಟ್ಟಿ ಜಾಗವನ್ನೂ ಮಾಡಿಕೊಟ್ಟಿದ್ದಾರೆ. ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೆ ಏಳು ಸಲ ಕೇಳಿ ನಿಲ್ಲುತ್ತೆ. ಪರದೆ ಹಿಂದೆ ಹೇಳಿದ್ದು ಸಂಜೆಯೊಳಗೆ ಸ್ಕೂಲ್ ಬಸ್ ಡ್ರೈವರಿಗೂ ಗೊತ್ತಾಗಿರುತ್ತೆ.

ಇಷ್ಟು ಹೇಳಿ ಕೋಚಿಂಗ್ ಬಿಟ್ಟರೆ ವಿಜಯಪುರದವರು ನನ್ನನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. 1963ರಿಂದ ಸೈನಿಕ ಶಾಲೆ ಇರುವ ಊರು ಇದು. ಸೈನಿಕ, ನವೋದಯ, ಕಿತ್ತೂರು, ಮೊರಾರ್ಜಿ, ಯಾವ ಪರೀಕ್ಷೆ ಹೇಳಿ, ಅದಕ್ಕೊಂದು ಕ್ಲಾಸು, ಕ್ಲಾಸಿಗೊಂದು ಹಾಸ್ಟೆಲ್ಲು, ಹಾಸ್ಟೆಲ್ಲಿಗೊಂದು ಫ್ಲೆಕ್ಸು. ಫ್ಲೆಕ್ಸಿನಲ್ಲಿ ಹತ್ತು ವರ್ಷದ ಹುಡುಗರ ಸಾಲು ಸಾಲು ಫೋಟೋ. ಎಣ್ಣೆ ಹಚ್ಚಿ ಬಾಚಿದ ತಲೆ, ಯಾರದೋ ಸೈಜಿನ ಟೈ, ಕೆಳಗೆ 300ಕ್ಕೆ ಎಷ್ಟು ಅಂತ ದಪ್ಪ ಅಕ್ಷರ. ಒಂದು ಮುಖದಲ್ಲೂ ನಗು ಇಲ್ಲ. ಫೋಟೋ ತೆಗೆದವನು ‘ಸ್ಮೈಲ್’ ಅಂದಿರಲಿಕ್ಕಿಲ್ಲ, ಅದು ಸಿಲಬಸ್ಸಿನಲ್ಲಿಲ್ಲ. ಆರನೇ ಕ್ಲಾಸಿನ ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆ. ಅದರಲ್ಲಿ 40 ಹುಡುಗನ ಮಾನಸಿಕ ಸಾಮರ್ಥ್ಯಕ್ಕೇ ಮೀಸಲು. ರಾತ್ರಿ ನಿದ್ದೆ ಬರುತ್ತಾ ಅನ್ನುವ 41ನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಭಾನುವಾರ ಇಂಥ ಹಾಸ್ಟೆಲ್ಲುಗಳ ಗೇಟಿನ ಮುಂದೆ ನಿಂತು ನೋಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಗಂಟು ಬಿಚ್ಚುತ್ತಾರೆ. ಹುಡುಗ ರೊಟ್ಟಿ ಮುಟ್ಟುವುದಿಲ್ಲ. ‘ಯಪ್ಪಾ, ಮನಿಗಿ ಹೋಗೂಣು’ ಅನ್ನುತ್ತಾನೆ. ಅಪ್ಪ ಆ ಕಡೆ ಮುಖ ತಿರುಗಿಸಿ, ‘ತೊಗರಿ ಮಾರಿ ಫೀ ತುಂಬೇನಿ, ಪರೀಕ್ಷಿ ಮುಗೀಲಿ ತಡಿ’ ಅನ್ನುತ್ತಾನೆ. ಆ ಅಪ್ಪನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಅಂಕ ನೋಡಿ ಬ್ಯಾಚ್ ಒಡೆಯಬೇಡಿ, ಎಲ್ಲರೆದುರು ಮಾನ ಕಳೆಯಬೇಡಿ ಅಂತ ಕೋರ್ಟು ಕೋಚಿಂಗ್‌ನವರಿಗೆ ಹೇಳಿದೆ. ಅವರು ‘ಎ ಬ್ಯಾಚ್’ ಅನ್ನುವುದನ್ನು ‘ವಿಜಯ ಬ್ಯಾಚ್’ ಅಂತ ಮಾಡಿದರೆ ಮುಗಿಯಿತು. ಮಕ್ಕಳು ಜೀವ ಕಳೆದುಕೊಳ್ಳದ ಹಾಗೆ ಹಾಸ್ಟೆಲ್ಲುಗಳಿಗೆ ಸುರಕ್ಷಿತ ಫ್ಯಾನ್ ಹಾಕಿ ಅಂತಲೂ ಹೇಳಿದೆ. ಇದೊಂದು ಮಾತ್ರ ಎಲ್ಲರಿಗೂ ಕೂಡಲೇ ಅರ್ಥವಾಗುತ್ತೆ. ಫ್ಯಾನಿಗೆ ಕೊಟೇಶನ್ ತರಿಸಬಹುದು, ಬಿಲ್ ಇಡಬಹುದು. ಅದು ತಿಂಗಳ ಕೊನೆಗೆ ಸಂಬಳ ಕೇಳುವುದಿಲ್ಲ.

ಇಲ್ಲಿ ನನಗೆ ನಗು ಬರುತ್ತಿಲ್ಲ. ಫ್ಯಾನ್ ಬೇಕು, ಹಾಕಿ. ಆದರೆ ಮಗು ಫ್ಯಾನ್ ನೋಡುವುದಕ್ಕಿಂತ ಎಷ್ಟೋ ದಿನ ಮೊದಲೇ ಊಟ ಬಿಟ್ಟಿರುತ್ತೆ, ಗೆಳೆಯರ ಜತೆ ಮಾತು ಬಿಟ್ಟಿರುತ್ತೆ. ಅದನ್ನು ಗಮನಿಸುವುದೇ ಕೋರ್ಟು ಹೇಳಿದ ಆ ಒಬ್ಬ ಸಮಾಲೋಚಕರ ಕೆಲಸ ಕಣ್ರೀ. ಮಾತ್ರೆ ಬರೆಯುವುದಲ್ಲ, ಬುದ್ಧಿ ಹೇಳುವುದೂ ಅಲ್ಲ. ಕೂತು ಕೇಳುವುದು, ಬೇಕಾದರೆ ಡಾಕ್ಟರ ಹತ್ತಿರ ಕಳಿಸುವುದು. ಅಷ್ಟಕ್ಕೆ ಒಂದು ಸಂಬಳ ಕೊಡಲು ಇಲ್ಲದವರ ಹತ್ತಿರ ಗೇಟಿಗೆ ಕಮಾನು ಕಟ್ಟಿಸಲು ದುಡ್ಡಿದೆ. ಏನಾದರೂ ಆದರೆ ಎರಡು ನಿಮಿಷ ಮೌನ, ಆಮೇಲೆ ಗಣಿತದ ಪೀರಿಯಡ್.

ಇನ್ನು ಟೆಲಿ ಮಾನಸ್ ಸಹಾಯವಾಣಿ. 2022ರಿಂದ ಇದೆ, 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಕಾಣುವ ಹಾಗೆ ಹಾಕಿ ಅಂತ ಕೋರ್ಟು ಹೇಳಿದ್ದಕ್ಕೆ ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದ್ದಾರೆ. ಪಕ್ಕದಲ್ಲೇ ಇನ್ನೊಂದು ಬೋರ್ಡು: ‘ಮೊಬೈಲ್ ನಿಷೇಧ’. ಹುಡುಗ ಫೋನ್ ಮಾಡಲೇಬೇಕು ಅಂದರೆ ಅಡ್ಡಿಯಿಲ್ಲ. ಸಂಜೆ ಆರರಿಂದ ಆರೂವರೆ, ವಾರ್ಡನ್ ಫೋನಿನಲ್ಲಿ, ಅವರ ಮುಂದೆಯೇ, ಸ್ಪೀಕರ್ ಆನ್ ಮಾಡಿ.