ಮಾವನ ಕುದುರೆ

"ನನ್ನ ಮಾವನ ಕುದುರೆ ಗ್ರಂಥಾಲಯದಲ್ಲಿದೆ." ಇವತ್ತು ಬೆಳಿಗ್ಗೆ ಹಾಲು ಕಾಯೋಕಿಟ್ಟು ಕೂತಾಗ ಫೋನಿನ ಆ್ಯಪ್ ನನಗೆ ಕಲಿಸಿದ ಸ್ಪ್ಯಾನಿಷ್ ಇಷ್ಟೇ. ನಮ್ಮ ಮಾವನವರು ಕುದುರೆ ಸಾಕಿದವರಲ್ಲ, ಗ್ರಂಥಾಲಯದ ಮೆಟ್ಟಿಲು ಹತ್ತಿದವರೂ ಅಲ್ಲ.

ಸೆಪ್ಟೆಂಬರಿಗೆ ನಾನೂ ನಮ್ಮೆಜಮಾನರೂ ಸ್ಪೇನಿನ ಸಾಂತಿಯಾಗೊ ಚರ್ಚಿಗೆ ಪಾದಯಾತ್ರೆ ಹೊರಟಿದ್ದೇವೆ. ಫ್ರಾನ್ಸ್ ಗಡಿಯಿಂದ ನಡೆದರೆ ಹತ್ತಿರ ಹತ್ತಿರ 780 ಕಿ.ಮೀ. ನಮ್ಮ ಮಂಡಿಗಳು ಒಪ್ಪಿದ್ದು ದಾರಿಯಲ್ಲಿನ ಸಾರಿಯಾ ಅನ್ನೋ ಊರಿಂದ ಆಚೆಗಿನ ನೂರು ಚಿಲ್ಲರೆಗೆ ಮಾತ್ರ. 100ಕ್ಕೆ ಕಮ್ಮಿಯಾದರೆ ಯಾತ್ರೆ ಮುಗಿಸಿದ ಸರ್ಟಿಫಿಕೇಟ್ ಇಲ್ಲ. ಆ ನೂರರಲ್ಲೂ ಚರ್ಚಲ್ಲೋ ಹೋಟೆಲಲ್ಲೋ ಕೇಳಿ ದಿನಕ್ಕೆರಡು ಸೀಲು ಒತ್ತಿಸಿಕೊಳ್ಳಬೇಕು. ರಾತ್ರಿ ಹತ್ತಕ್ಕೆಲ್ಲ ಛತ್ರದ ಬಾಗಿಲು ಬಂದ್. ಸಲಾಡ್ ಕೇಳಿದರೆ ಮೇಲೆ ಟ್ಯೂನಾ ಮೀನು ಉದುರಿಸಿರುತ್ತಾರೆ. ಆ ಸೀಮೆಯ, ಅಂದರೆ ಗಲೀಸಿಯಾದ, ಸೊಪ್ಪಿನ ಸಾರಿನ ತಳದಲ್ಲಿ ಹಂದಿ. "ಇದರಲ್ಲಿ ಹಂದಿ ಇದೆಯಾ?" ಅಂತ ಕೇಳೋದು ಕಲಿಸಪ್ಪಾ ಅಂದರೆ ಇದು ಕುದುರೆ ಬಿಡುತ್ತಿಲ್ಲ.

ಇನ್ನು ಉಚ್ಚಾರಣೆ. ಬಾತ್‌ರೂಮ್ ಎಲ್ಲಿ ಅಂತ ಮೈಕಿಗೆ ಕೇಳಬೇಕು. "ದೋಂದೆ ಎಸ್ತಾ ಎಲ್ ಬಾನ್ಯೊ?" ಕೆಂಪು ಗುರುತು. ಬಿಡಿಸಿ ಬಿಡಿಸಿ ಹೇಳಿದೆ, ಕೆಂಪು. ನಿಜವಾಗಿ ಅವಸರ ಆದವಳ ಹಾಗೆ ಕಿರುಚಿದೆ, ಆಗಲೂ ಕೆಂಪು. ದೇವರಮನೆಯಿಂದ ಅತ್ತೆ, "ಯಾರ ಮೇಲೆ ಕೂಗಾಡ್ತಿದೀಯೇ, ಹಾಲು ಉಕ್ತಿದೆ ನೋಡು!" ಅಂದರು. ಹಸಿರು! ಗಂಟೆ ಬಾರಿಸಿ, ಬಣ್ಣದ ಚೂರು ಹಾರಿಸಿ, "ಅದ್ಭುತ" ಅಂತ ಶಭಾಷ್‌ಗಿರಿ ಬೇರೆ. ಅನುಮಾನ ಬಂದು ಫೋನನ್ನೇ ದೇವರಮನೆಗೆ ಒಯ್ದು ಇಟ್ಟೆ. ಅತ್ತೆಯ ವಿಷ್ಣು ಸಹಸ್ರನಾಮಕ್ಕೆ ಪಾಠಕ್ಕೆ ಪಾಠವೇ ಪಾಸ್. ಕೊನೆಯ ವಾಕ್ಯ ಒಂದನ್ನು ಕುಕ್ಕರ್ ಹೇಳಿತು. ಅದಕ್ಕೂ ಹಸಿರೇ. ಕೆಂಪೆಲ್ಲ ನನ್ನೊಬ್ಬಳ ಪಾಲಿಗೆ.

ಹಿಂದೆ ಶಿವರಾತ್ರಿಗೆ ಅಪ್ಪನ ಜೊತೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದಾಗ ಬಾಯಿಯನ್ನೇ ತೆರೆಯಬೇಕಿರಲಿಲ್ಲ. ಕಾಲೆಳೆಯೋದು ನೋಡಿಯೇ ಯಾರೋ ಕೈಗೆ ಮಜ್ಜಿಗೆ ಲೋಟ ಕೊಡುತ್ತಿದ್ದರು. ಮನೆಯಲ್ಲಿ ಎರಡನೇ ಸಲ ಅನ್ನ ಬಡಿಸಿಕೊಳ್ಳದ ಅಪ್ಪ ಅಲ್ಲಿ ಎರಡನೇ ಲೋಟಕ್ಕೂ ಕೈ ಚಾಚುತ್ತಿದ್ದರು. ಈಗ ಅವರಿದ್ದಿದ್ದರೆ ಸ್ಪೇನಿಗೂ ಹಾಗೇ ಹೊರಟುಬಿಡುತ್ತಿದ್ದರೇನೋ.

"ಅಮ್ಮನ್ನೂ ಕರ್ಕೊಂಡು ಹೋಗೋಣ ಬಿಡು, ಮಾತಾಡೋಕಾಗತ್ತೆ," ಅಂದರು ನಮ್ಮೆಜಮಾನರು, ಪೇಪರ್‌ನಿಂದ ತಲೆ ಎತ್ತದೆ. ಅತ್ತೆ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. "ಅಲ್ಲಿ ಈರುಳ್ಳಿ ಹಾಕದೆ ಅಡುಗೆ ಮಾಡಿಕೊಡ್ತಾರಾ, ಮೊದಲು ಅದನ್ನ ಕೇಳು," ಅಂದರು.

ಹುಡುಕಿದೆ. ತರಕಾರಿ ಪಾಠ ಇನ್ನೂ ಮುಂದಿದೆ. ಅದಕ್ಕೆ ದುಡ್ಡು ಕಟ್ಟಬೇಕಂತೆ. ಕುದುರೆ ಮಾತ್ರ ಫ್ರೀ.